ಮಲಗೇ ಇದ್ದೆ ಎಂದೆ

ಜೂನ್ ೧೧, ಬುಧವಾರ. ಲಗ್ಗೆರೆ.

ಇವತ್ತು ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ.

ಮೊದಲೇ ಎರಡು ಆಪರೇಷನ್ ಆದ ತೊಡಕಿನ ಕಣ್ಣು ನನ್ನದು. ಅವರು ಪೂರ್ತಿ ಕಾರ್ನಿಯಾ ಬದಲಿಸದೆ, ಸತ್ತವರೊಬ್ಬರು ಕೊಟ್ಟ ಕಣ್ಣಿನ ತೆಳು ಒಳಪದರವನ್ನಷ್ಟೇ ಕೂರಿಸಿದ್ದರು; ಪೂರ್ತಿ ಬದಲಿಸಿದರೆ ವಾಸಿಯಾಗಲು ವರ್ಷವೇ ಬೇಕಂತೆ. ಪದರ ಅಂಟಲೆಂದು ಕಣ್ಣೊಳಗೆ ಗಾಳಿ ಬಿಟ್ಟು, ಆ ಗಾಳಿ ಅದನ್ನು ಮೇಲಕ್ಕೆ ಒತ್ತಿ ಹಿಡಿಯುವಂತೆ ಮೂರು ದಿನ ಅಂಗಾತ ಮಲಗಿರಲು ಹೇಳಿದ್ದರು.

ಎರಡನೆಯ ದಿನ ಭಾವ ಬಂದರು, ತೀರಿಹೋದ ನಮ್ಮವರ ಫೋಟೋಗೆ ಕಟ್ಟು ಹಾಕಿಸಿಕೊಂಡು. ಗಂಡನ ಅಣ್ಣನ ಮುಂದೆ ಕಾಲು ಚಾಚಿ ಮಲಗುವುದು ಹೇಗೆ? ಎದ್ದೆ. "ಮಲಕ್ಕೋ ತಾಯಿ, ನಾನೇನ್ ಹೊರಗಿನೋನಾ?" ಅಂದರು. ಆದರೂ ಕಾಫಿ ಮಾಡಿದೆ. ಫೋಟೋ ಹಿಡಿದುಕೊಂಡು ಬಹಳ ಹೊತ್ತು ಕೂತುಬಿಟ್ಟೆ.

ಇವತ್ತು ಆಸ್ಪತ್ರೆಯಲ್ಲಿ ನೋಡಿದರೆ ಪದರ ಬಿಟ್ಟುಕೊಂಡಿದೆ.

"ಎದ್ದು ಕೂತಿದ್ರಾ ಅಮ್ಮಾ?"

"ಇಲ್ಲ ಮೇಡಂ, ಮಲಗೇ ಇದ್ದೆ."

ಅವರು ಪಕ್ಕದ ಡಾಕ್ಟರಿಗೆ ಹೇಳಿದರು: "ನಂದೇ ತಪ್ಪು. ಇಂಥ ಕಣ್ಣಿಗೆ ಇದನ್ನ ಆರಿಸ್ಬಾರ್ದಿತ್ತು. ಹನುಮವ್ವಂಗೆ ಪೂರ್ತೀದೇ ಹಾಕೋಣ."

ಆಪರೇಷನ್‌ಗೆ ಕಾಯುತ್ತಿದ್ದ ಹನುಮವ್ವ ಹೊರಗೆ ಬೆಂಚಿನ ಮೇಲಿದ್ದಳು. ಅವಳದೂ ನನ್ನಂಥದೇ ಕಣ್ಣು. ನನ್ನ ಕೈ ಹಿಡಿದುಕೊಂಡು, "ನಿಮಗ ಹಾಕಿದ್ದ ನನಗೂ ಹಾಕ್ತಾರಂತ್ರಿ ಅಕ್ಕಾ. ಲಗೂನ ಕೆಲಸಕ್ಕ ಹೋಗಬಹುದಂತ" ಎಂದಳು. ನಾನು ತಲೆಯಾಡಿಸಿದೆ.

ನಾಳೆ ಮತ್ತೆ ಗಾಳಿ ಬಿಡುತ್ತಾರೆ. ನನ್ನನ್ನು ಮಲಗಿಸುವ ಮುಂಚೆಯೇ ಹೇಳಿಬಿಡಬೇಕು. ಮೇಡಂ, ಅವತ್ತು ನಮ್ಮ ಭಾವ ಬಂದಿದ್ದರು, ನಾನು…