ಮುಚ್ಚಲೊಲ್ಲದ ಸಂದು

ದುವಾರ್ನೆನೆ, ನವೆಂಬರ್ ೧೪

ಪ್ರೀತಿಯ ಗ್ವೆನೋಲಾ,

ನಿನ್ನಮ್ಮ ಗಟ್ಟಿಯಾಗಿದ್ದಾಳೆ, ಮೊಣಕಾಲೊಂದು ಬಿಟ್ಟು. ಕಾಗದ ತಡವಾಯಿತು, ಬೈದುಕೋ. ಬರೆದದ್ದೆಲ್ಲ ಉಪದೇಶವಾಗುತ್ತಿತ್ತು, ಹರಿದು ಹಾಕಿದೆ. ಹೆರಿಗೆಯ ನಂತರ ಡಾಕ್ಟರ್ ಕೊಟ್ಟ ವ್ಯಾಯಾಮದ ಚೀಟಿಯನ್ನು ನೀನಿನ್ನೂ ಯಾರಿಗೂ ತೋರಿಸಿಲ್ಲವಂತೆ, ಅಳಿಯ ಹೇಳಿದ. ಸರ್ಕಾರವೇ ಖರ್ಚು ಹೊರುವ ಚಿಕಿತ್ಸೆಯನ್ನು ಬಿಡುವವಳು ಈ ದೇಶದಲ್ಲಿ ನೀನೊಬ್ಬಳೇ. ಕೂಸು ಉಳಿಯದಿದ್ದರೂ ಹೆತ್ತ ಹೊಟ್ಟೆ ಹೆತ್ತ ಹೊಟ್ಟೆಯೇ, ಮಗಳೇ.

ನನ್ನ ಚಿಕಿತ್ಸಾಲಯಕ್ಕೆ ಹೊಟ್ಟೆಯ ವ್ಯಾಯಾಮಕ್ಕೆಂದು ಬರುವ ರೊಜೆನ್ ಎಂಬವಳ ಸುದ್ದಿ ಕೇಳು. ಬಲೆ ಹೆಣೆಯುವವರ ಮನೆ ಸೊಸೆ. ಹೆರಿಗೆಯಲ್ಲಿ ಹೊಟ್ಟೆಯ ಸ್ನಾಯುಗಳು ಎರಡಾಗಿ, ಹೊಕ್ಕುಳ ಮೇಲೆ ನನ್ನ ಬೆರಳುಗಳು ಇಳಿಯುವಷ್ಟು ಸಂದು. ಬಾಣಂತಿಯರು ಕೂಸನ್ನೂ ತರುತ್ತಾರಲ್ಲ, ನಾನು ಕೈಯಲ್ಲಿ ಹೊಟ್ಟೆ ನೋಡುತ್ತ ಕಾಲಲ್ಲಿ ಕೂಸಿನ ಬುಟ್ಟಿ ತೂಗುವವಳು. ಅವಳ ಬುಟ್ಟಿಯನ್ನೂ ತೂಗಿದೆ. ಭಾರವಿತ್ತು.

"ಚಿನ್ನದಂಥ ಕೂಸಮ್ಮ ನಿಂದು, ಒಂದ್ಸಲಾನೂ ಅಳಲ್ಲ," ಅಂದೆ.

"ಹುಟ್ಟಿದಾಗ್ಲೂ ಅಳ್ಲಿಲ್ಲ ಮೇಡಂ."

ಬಗ್ಗಿ ನೋಡಿದೆ. ಬರೀ ಕಂಬಳಿ. ಕಾಲು ತೆಗೆದೆ, ಬುಟ್ಟಿ ತೂಗುತ್ತಲೇ ಇತ್ತು.

ಮಾತಾಡಿಸುತ್ತಲೇ ಚಿಕಿತ್ಸೆ ಮಾಡಿ ಬದುಕಿದವಳು ನಾನು, ಬಾಯಿ ನಿಲ್ಲಿಸಲಿಲ್ಲ. "ಉಸಿರು ಬಿಡು, ತಲೆ ಸ್ವಲ್ಪ ಎತ್ತು," ಅಂದೆ. ತಲೆ ಎತ್ತಿದಾಗ ಸಂದು ಬೆರಳನ್ನು ಒತ್ತುತ್ತದೆ, ಅದು ಸ್ನಾಯುವಿನ ಧರ್ಮ. ಅವಳು ತಲೆ ಇಳಿಸಿದ ಮೇಲೂ ನನ್ನ ತೋರುಬೆರಳನ್ನು ಏನೋ ಹಿಡಿದೇ ಇತ್ತು. ಎಳೆಗೂಸು ಹಿಡಿಯುತ್ತದಲ್ಲ, ಹಾಗೆ.

"ನಿಮಗೂ ಸಿಕ್ಕಳಾ?" ರೊಜೆನ್ ನಕ್ಕಳು. "ಪೂರ್ತಿ ಮುಚ್ಚಬೇಡಿ ಮೇಡಂ. ಬಂದು ಹೋಗೋಕೆ ಅವಳಿಗೆ ದಾರಿ ಬೇಕಲ್ಲ."

"ದಾರಿ ಬಿಟ್ರೆ ನಿನ್ನ ಸೊಂಟ ಬಿದ್ದುಹೋಗುತ್ತೆ ಕಣೇ. ಆಮೇಲೆ ಅವಳನ್ನ ಎತ್ಕೊಳ್ಳೋದು ಯಾವ ಬಲದಲ್ಲಿ?"

ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವಳು ಯೋಚಿಸಿ, ಒಪ್ಪಿದಳು. ಈಗ ತಪ್ಪದೆ ಬರುತ್ತಾಳೆ. ಸಂದು ಕೂಡುತ್ತಿದೆ. ಬುಟ್ಟಿ ಮಾತ್ರ ವಾರದಿಂದ ವಾರಕ್ಕೆ ಭಾರವಾಗುತ್ತಿದೆ. ಮೊನ್ನೆ ಸರಿಸಲು ಹೋದೆ, ನನ್ನಿಂದಾಗಲಿಲ್ಲ. ಅವಳು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು.

ನೀನೂ ಹೋಗು ಮಗಳೇ. ಅಮ್ಮನ ಕೈ ಬೇಡವಾದರೆ ಬೇರೆ ಯಾರದಾದರೂ ಸರಿ. ನಿನ್ನ ಮೈ ನಿನ್ನ ಮಾತು ಕೇಳುವಂತಾಗಲಿ, ನಿದ್ದೆ ಬರಲಿ.

ನಿನ್ನಮ್ಮ,
ಮಾರಿವೊನ್

ಮತ್ತೊಂದು ಮಾತು: ಮೊಮ್ಮಗಳನ್ನು ನನಗೆ ತೋರಿಸದೆಯೇ ಮಣ್ಣು ಮಾಡಿದಿರಿ. ಏಕೆಂದು ಕೇಳುವುದಿಲ್ಲ. ಏನೆಂದು ಹೆಸರಿಟ್ಟೆ, ಅದನ್ನಾದರೂ ಬರೆ. ಮೊನ್ನೆಯಿಂದ ನನ್ನ ಬಾಗಿಲಾಚೆ ಒಂದು ಪುಟ್ಟ ಉಸಿರು ಕಾಯುತ್ತಿದೆ. ಏನೆಂದು ಒಳಗೆ ಕರೆಯಲಿ?