ಎರಡನೇ ಗಾಡಿ

ಮಗನೇ ಟೆರೆನ್ಸ್,

ನೀನು ಎಲ್ಲಿದ್ದೀಯೆಂದು ಯಾರಿಗೂ ಗೊತ್ತಿಲ್ಲ. ಈ ಕಾಗದ ನನ್ನ ಮೇಜಿನಲ್ಲೇ ಉಳಿಯುತ್ತದೆ. ಆದರೂ ಬರೆಯುತ್ತಿದ್ದೇನೆ.

ಇವತ್ತು ಕಾಳ್ಗಿಚ್ಚು ಹರಡದಿರಲೆಂದು ಕಾಡಿನಂಚಿನ ಒಣಹುಲ್ಲು ಸುಡಲು ನಿನ್ನ ಅತ್ತೆ, ಅವರ ಇನ್ನೊಬ್ಬ ಅಳಿಯ ನಿನ್ನ ಷಡ್ಡಕ ಲೀರಾಯ್ ಇಬ್ಬರೂ ಹೊರಡಬೇಕಿತ್ತು. ಡಾರ್ವಿನ್ ನಗರದಿಂದ ಹೊಸದಾಗಿ ಬಂದಿರುವ ಬಿಳಿಯ ಅಧಿಕಾರಿ ಕರ್ಸ್ಟಿ ಗಾಡಿಗಳ ಪಟ್ಟಿ ನೋಡಿ ನನ್ನನ್ನು ಕರೆದಳು.

“ಒಂದೇ ಜಾಗಕ್ಕೆ ಎರಡು ಗಾಡಿ ಯಾಕೆ ಡೊರೀನ್? ಡೀಸೆಲ್ ಏನು ನಲ್ಲೀಲಿ ಬರುತ್ತಾ?”

“ನಮ್ಮ ಮೂಲನಿವಾಸಿಗಳಲ್ಲಿ ಅತ್ತೆ ಅಳಿಯ ಒಟ್ಟಿಗೆ ಕೂರಲ್ಲಮ್ಮ, ಮಾತೂ ಆಡಲ್ಲ. ಜಗಳ ಅಲ್ಲ, ಅದೇ ಮರ್ಯಾದೆ.”

“ನನ್ನ ಗಂಡಂಗೆ ಹೇಳಿದ್ರೆ ನಾಳೆನೇ ಇಲ್ಲಿಗೆ ಬಂದುಬಿಡ್ತಾನೆ!” ಎಂದು ನಕ್ಕು ಸಹಿ ಹಾಕಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

ಹನ್ನೊಂದು ವರ್ಷದ ಹಿಂದೆ ಇದ್ದದ್ದು ಒಂದೇ ಗಾಡಿ. ಅತ್ತೆ ಅದರಲ್ಲಿ ಕುಳಿತಿದ್ದ ಮೂರು ದಿನವೂ ನೀನು ಬೇಲಿಯ ಹತ್ತಿರದಿಂದಲೇ ವಾಪಸಾದೆ. “ನಿನ್ನ ಅಕ್ಕನ ಮಗ ಬರೀ ಸೋಮಾರಿ, ಅಲ್ವಾ?” ಎಂದು ಆಗಿನ ಅಧಿಕಾರಿ ಕೇಳಿದ. ನಾನು ಈ ಕಚೇರಿಯ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ತಲೆ ಎತ್ತಲಿಲ್ಲ. ನಿನ್ನನ್ನು ಕೆಲಸದಿಂದ ತೆಗೆದರು, ನೀನು ಊರು ಬಿಟ್ಟೆ.

ಗಾಡಿಗಳು ಹೋದ ಮೇಲೆ ಆ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದೆ. ಮೂರೂ ದಿನ ‘ಕಾರಣವಿಲ್ಲದೆ ಗೈರು’ ಎಂದಿದೆ. ಅಕ್ಷರ ನನ್ನದೇ.

ನಿನ್ನ ಚಿಕ್ಕಮ್ಮ