ದಿವೆ ಘಾಟಿ ಹತ್ತದ ಕಾರು

೫ ನವೆಂಬರ್ ೧೯೩೩, ರವಿವಾರ. ಪುಣೆ

ಷಡ್ಡಕ ಶಿವಪ್ಪನಿಗೆ ಪತ್ರ. ‘ಕಳೆದ ಪತ್ರದಲ್ಲಿ ಚಂಪಾಷಷ್ಠಿಯನ್ನು ೨೨, ಬುಧವಾರ ಎಂದು ಬರೆದುದು ನನ್ನ ತಪ್ಪು. ಷಷ್ಠಿ ೨೩, ಗುರುವಾರ. ಪಂಚಾಂಗದಲ್ಲಿ ಕಣ್ಣು ಒಂದು ಸಾಲು ಮೇಲೆ ಜಾರಿತು. ಕ್ಷಮೆಯಿರಲಿ.’ ಜೀವಮಾನವೆಲ್ಲ ಮಕ್ಕಳ ಕನ್ನಡ ತಿದ್ದಿದ ಕೈ... ಇರಲಿ.

ಶಿವಪ್ಪ ಬಾಗಲಕೋಟೆಯಿಂದ ಹೆಂಡತಿ ಕಾಶವ್ವನನ್ನು ಜೇಜುರಿಯ ಮೈಲಾರಲಿಂಗನಲ್ಲಿಗೆ ಕರೆತರುತ್ತಾನೆ; ಅಂಗಡಿ ಬಿಟ್ಟು ಪುಣೆಯತನಕ ಬರಲಾರ. ಅವಳ ಕಣ್ಣು ಮಸಕಾಗುತ್ತ ಬಂದಿದೆ. ‘ಮುಖ ಕಾಣೂತನಕ ಒಮ್ಮೆ ತಂಗೀನ್ನ ನೋಡಬೇಕು’ ಎಂದು ಬರೆಸಿದ್ದಾಳೆ. ಆ ತಂಗಿಯೇ ನನ್ನ ಹೆಂಡತಿ ಗೌರಾಬಾಯಿ. ಇವಳ ಮೊಣಕಾಲು ಕೆಟ್ಟಿದೆ; ರೈಲಿನ ಮೆಟ್ಟಿಲು ಹತ್ತಲಾರಳು. ಉಳಿದ ದಾರಿ ಒಂದೇ — ಅವಳ ತಮ್ಮ ಈರಬಸಪ್ಪನ ಕಾರು. ಯಾರೋ ಬಳಸಿ ಬಿಟ್ಟ ಹಳೆಯ ಕಾರನ್ನು ಈ ಬೇಸಗೆಯಲ್ಲಿ ಕೊಂಡಿದ್ದಾನೆ.

ಇಂದು ಹಡಪಸರ ದಾಟಿ, ಜೇಜುರಿಯ ದಾರಿಯಲ್ಲಿರುವ ದಿವೆ ಘಾಟಿಗೆ ಪರೀಕ್ಷೆಗೆ ಹೋದೆವು. ಸಮನೆಲದಲ್ಲಿ ಸರಿ. ಏರು ಬಂದೊಡನೆ ಎಂಜಿನ್ನಿನ ಆರ್ಭಟ ಹೆಚ್ಚು, ನಡೆ ಕಡಿಮೆ. ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದಿಕ್ಕಿತು.

‘ಮಾವಾರ, ಗಾಡಿಯವ ನಗಾಕತ್ತಾನ ನೋಡ್ರಿ,’ ಎಂದ ಈರಬಸಪ್ಪ.

ನೋಡಲಿಲ್ಲ.

೮ ನವೆಂಬರ್, ಬುಧವಾರ

ದಂಡಿನ ಕ್ಯಾಂಪಿನ ಗ್ಯಾರೇಜೊಂದರ ತೀರ್ಪು: ಗೇರ್‌ಬಾಕ್ಸು ಸವೆದಿದೆ. ಬಿಚ್ಚಬೇಕು, ಮುಂಬಯಿಯಿಂದ ಸಾಮಾನು ತರಿಸಬೇಕು, ಒಂದು ತಿಂಗಳು. ಗೌರಾಬಾಯಿ ಅಕ್ಕನಿಗೆಂದು ತೆಗೆದಿಟ್ಟ ಇಳಕಲ್ಲ ಸೀರೆಯನ್ನು ಮರಳಿ ಟ್ರಂಕಿನಲ್ಲಿಟ್ಟಳು.

ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಗೇರು ಹಾಕುವಾಗ ಕರಕರ ಸದ್ದಿಲ್ಲ. ಹಾಕಿದ ಗೇರು ತಾನಾಗಿ ಜಾರಿ ಹೊರಬರುವುದೂ ಇಲ್ಲ. ಹಲ್ಲು ಸವೆದಿದ್ದರೆ ಹೀಗಿರುತ್ತದೆಯೆ? ಕಾರಣ ಹೇಳದ ನಿರ್ಣಯವನ್ನು ಒಪ್ಪಿ ಅಭ್ಯಾಸವಿಲ್ಲ.

೧೧ ನವೆಂಬರ್, ಶನಿವಾರ

ಈರಬಸಪ್ಪ ತನ್ನ ಗೆಳೆಯ ಭುಜಂಗನನ್ನು ಕರೆತಂದ. ಮಂಗಳೂರ ಕಡೆಯವನು, ಇಲ್ಲಿ ಬಸ್ಸುಗಳ ರಿಪೇರಿ. ನನ್ನ ಸಂದೇಹಗಳನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಚಕ್ರಗಳಿಗೆ ಕಲ್ಲು ಕೊಡಿಸಿದ. ಕೈಬ್ರೇಕು ಬಿಗಿದ. ಎಂಜಿನ್ ಚಾಲೂ ಮಾಡಿ, ಮೇಲಿನ ಗೇರು ಹಾಕಿ, ಕ್ಲಚ್ಚಿನ ಪೆಡಲಿನಿಂದ ಮೆಲ್ಲನೆ ಕಾಲು ತೆಗೆದ.

‘ಈಗ ಎಂಜಿನ್ ನಿಲ್ಲಬೇಕು, ಮಾಸ್ತರೇ. ಕ್ಲಚ್ಚು ಹಿಡಿದ್ರೆ ಅದಕ್ಕೆ ಉಸಿರೇ ಇರುದಿಲ್ಲ.’

ನಿಲ್ಲಲಿಲ್ಲ.

‘ಕೇಳಿ, ಹಾಡ್ತಾ ಉಂಟು! ನೀವು ಹೇಳಿದ್ದೇ ಸರಿ, ಗೇರ್‌ಬಾಕ್ಸಿಗೆ ಏನೂ ಆಗ್ಲಿಲ್ಲ. ಕ್ಲಚ್ಚು ಜಾರ್ತಾ ಉಂಟು.’

ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಈ ಕ್ಲಚ್ಚು. ಚರ್ಮ ಹೊದಿಸಿದ ಬುಗುರಿಯಾಕಾರದ ಚಕ್ರ. ಇನ್ನೊಂದರೊಳಗೆ ಕಚ್ಚಿ ಕೂಡಬೇಕು. ಇದಕ್ಕೆ ಕನ್ನಡ ಪದ ಹುಡುಕಿ ಸೋತೆ. ಸದ್ಯ ಕ್ಲಚ್ಚೆಂದೇ ಬರೆದಿದ್ದೇನೆ, ಒಲ್ಲದ ಮನಸ್ಸಿನಿಂದ.

ಕಾಲಡಿಯ ಹಲಗೆ ತೆಗೆದು ಇಣುಕಿದೆವು. ಚರ್ಮ ಥಳಥಳ ಹೊಳೆಯುತ್ತಿತ್ತು. ಭುಜಂಗ ಬೆರಳಾಡಿಸಿ ಮೂಸಿದ. ‘ಇದು ಎಂಜಿನ್ ಎಣ್ಣೆ ಅಲ್ಲ ಮಾರಾಯ್ರೆ. ಮಲ್ಲಿಗೆ ವಾಸನೆ ಉಂಟು!’

ಬಾಗಿಲಲ್ಲಿ ಕೋಲೂರಿ ನಿಂತಿದ್ದ ಗೌರಾಬಾಯಿ ಸೆರಗು ಸರಿಪಡಿಸಿಕೊಂಡಳು. ‘ನರಕ ಚತುರ್ದಶಿ ದಿನ ಮನ್ಯಾಗಿನ ಎಲ್ಲಾರ ನೆತ್ತಿಗೂ ಎಣ್ಣಿ ಒತ್ತೀನಿ. ಇದು ಅಂಗಳದಾಗ ನಿಂತಿತ್ತು. ಇದೇನು ಮನೀದಲ್ಲೇನು? ಪೆಡಲ್ ಕಿರ್ ಅಂತಿತ್ತು. ಪಾಪ ಅಂತ ಅಲ್ಲೇ ಒಂದು ಬಟ್ಟಲ ಹೊಯ್ದೆ.’

‘ಬಟ್ಟಲಾ!’ ಈರಬಸಪ್ಪ ನೆಲದ ಮೇಲೆ ಕುಳಿತು ನಕ್ಕ. ‘ಅಕ್ಕಾ, ನನ್ನ ನೆತ್ತಿಗೆ ಎರಡ ಹನಿ, ಕಾರಿಗೆ ಬಟ್ಟಲ?’

‘ನಿನ್ನ ತಲ್ಯಾಗ ಕೂದಲ ಎಲ್ಲ್ಯದಾವೋ?’

ಎಂದವಳೇ ತಟ್ಟನೆ ಸಣ್ಣಗಾದಳು. ‘ನನ್ನ ಕೈಯಾರೆ ನಾನ ಅಕ್ಕನ್ನ ದೂರ ಮಾಡಿದ್ನೇನ್ರಿ?’ ಭುಜಂಗ ಬೆರಳು ಒರೆಸಿಕೊಂಡ. ‘ಇಲ್ಲ ಅಮ್ಮ. ಎಣ್ಣೆ ಹಚ್ಚಿದ್ರಿ, ಸ್ನಾನ ಮಾಡಿಸ್ಲಿಲ್ಲ. ಅಷ್ಟೇ. ಪೆಟ್ರೋಲಲ್ಲಿ ತೊಳೆದು ಒಣಮಣ್ಣು ಹಾಕಿದ್ರೆ ಎಣ್ಣೆ ಹೀರ್ತದೆ. ಮುಲ್ತಾನಿ ಮಣ್ಣು ಉಂಟಾ?’

‘ತಲಿ ತೊಳಕೊಳ್ಳಾಕ ಇಟ್ಟದ್ದು ಡಬ್ಬಿ ತುಂಬ ಅದ, ತಮ್ಮಾ!’ ಕೋಲು ಮರೆತು ಒಳಗೆ ಹೋದಳು.

೧೬ ನವೆಂಬರ್, ಗುರುವಾರ

ತೊಳೆದು, ಒಣಗಿಸಿ, ಮಣ್ಣು ಉದುರಿಸಿದ್ದಾಯಿತು. ಆದರೆ ಗೌರಾಬಾಯಿಯ ಕೈ ದೊಡ್ಡದು; ಮಣ್ಣೂ ಹೆಚ್ಚಾಯಿತು. ಕಾಲು ತೆಗೆದೊಡನೆ ಕಾರು ಎಳೆಗರುವಿನಂತೆ ನೆಗೆಯಿತು. ನನ್ನ ರುಮಾಲು ಹಿಂದಿನ ಸೀಟಿನಲ್ಲಿ. ಜಾರುವುದು ನಿಂತಿದೆ, ನೆಗೆಯುವುದು ಬಂದಿದೆ... ಇದೂ ಪ್ರಗತಿಯೇ. ಭುಜಂಗ ಹೆಚ್ಚಿನ ಮಣ್ಣನ್ನು ಒರೆಸಿ ತೆಗೆದ. ‘ರವಿವಾರ ನೋಡುವ.’

೧೯ ನವೆಂಬರ್, ರವಿವಾರ

ಭುಜಂಗ ಮತ್ತೆ ಕಲ್ಲಿಟ್ಟು ಪರೀಕ್ಷೆಗೆ ಕೂತ. ಕಾಲು ತೆಗೆದ. ಎಂಜಿನ್ ಗಪ್ಪನೆ ನಿಂತಿತು. ನಿಂತ ಕಾರಿಗೆ ನಾವು ಮೂವರು ಚಪ್ಪಾಳೆ ತಟ್ಟಿದ್ದನ್ನು ಕಂಡು ಎದುರುಮನೆಯ ರಂಗೂಬಾಯಿ ಕಿಟಕಿ ಮುಚ್ಚಿಕೊಂಡರು.

ಮಧ್ಯಾಹ್ನ ದಿವೆ ಘಾಟಿ. ಏರು ಬಂದೊಡನೆ ಮೂವರೂ ಮುಂದಕ್ಕೆ ಬಾಗಿದೆವು. ಒಂದು ತಿರುವು... ಇನ್ನೊಂದು... ಎಂಜಿನ್ನಿನ ದನಿಯೂ ಚಕ್ರದ ನಡೆಯೂ ಕೂಡಿಯೇ ಏರಿದವು. ಹತ್ತಿತು. ನೆತ್ತಿಯಲ್ಲಿ ಇಳಿದು ನಿಂತೆವು. ಕೆಳಗೆ ಮಸ್ತಾನಿ ಕೆರೆ. ಎತ್ತಿನ ಗಾಡಿ ಒಂದೂ ಬರಲಿಲ್ಲ — ಬರಬಹುದಿತ್ತು.

ಮನೆಗೆ ಬಂದಾಗ ಇಳಕಲ್ಲ ಸೀರೆ ಟ್ರಂಕಿನಿಂದ ಹೊರಗಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

೨೩ ನವೆಂಬರ್, ಗುರುವಾರ. ಜೇಜುರಿ

ಕಾಶವ್ವ ಗುಡಿಯ ಮೆಟ್ಟಿಲ ಬುಡದಲ್ಲಿ ಕುಳಿತಿದ್ದಳು, ಮೈಮೇಲೆಲ್ಲ ಮೈಲಾರನ ಭಂಡಾರದ ಅರಿಶಿನ. ತಂಗಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

‘ಭಾಳ ಸೊರಗೀದಿ.’

‘ನಿನಗ ಕಾಣಸ್ತದ?’

‘ಮುಂದಿನ ಹಲ್ಲು ಬಿದ್ದದ್ದೂ ಕಾಣಸ್ತದ.’

ಇಬ್ಬರೂ ನಕ್ಕರು. ನಾನು ಶಿವಪ್ಪನೊಡನೆ ಹವೆಯ ಬಗ್ಗೆ ಮಾತನಾಡಿದೆ.

ಗೌರಾಬಾಯಿ ಭಂಡಾರ ಹಿಡಿದು ಕಾರಿನತ್ತ ನಡೆದಳು. ಈರಬಸಪ್ಪ ಓಡಿದ. ‘ಹಣೀಗಷ್ಟ, ಅಕ್ಕಾ! ಒಳಗ ಬ್ಯಾಡ!’

೨೫ ನವೆಂಬರ್, ಶನಿವಾರ. ಪುಣೆ

ಕಾಶವ್ವ ನಮ್ಮೊಡನೆ ಕಾರಿನಲ್ಲೇ ಬಂದಳು. ಶಿವಪ್ಪ ಅಂಗಡಿ ಬಿಡಲಾರದೆ ಊರಿಗೆ ಮರಳಿದ. ಇಲ್ಲಿಯ ಕಣ್ಣಿನ ವೈದ್ಯರು ನೋಡಿದರು: ಇದು ಪೊರೆ, ತೆಗೆಯಬಹುದು. ಒಳಗೆ ಅಕ್ಕ-ತಂಗಿಯರ ಮಾತು ಇನ್ನೂ ನಿಂತಿಲ್ಲ. ಶಿವಪ್ಪನಿಗೆ ತಿಳಿಸಬೇಕಾದ ತಿದ್ದುಪಡಿಗಳು:

ಕಣ್ಣು ತೋರಿಸುವುದು — ‘ಊರಿಗೆ ಮರಳಿದ ಮೇಲೆ’ ಎಂದಿತ್ತು. ೨೫ ನವೆಂಬರ್, ಆಯಿತು.

ಪೊರೆ ತೆಗೆಯುವುದು — ೪ ಡಿಸೆಂಬರ್, ಸೋಮವಾರ.

ಕಾಶವ್ವ ಊರಿಗೆ ಹೊರಡುವುದು — ೨೬ ನವೆಂಬರ್ ಎಂದಿತ್ತು, ತಪ್ಪು. ೧೭ ಡಿಸೆಂಬರ್.

ಗೌರಾಬಾಯಿ ಹೆಗಲ ಮೇಲಿಂದ ಓದಿ ಹೋದಳು. ೧೭ ಡಿಸೆಂಬರ್ ಕೂಡ ತಪ್ಪಂತೆ. ಸಂಕ್ರಾಂತಿ ಕಳೆದ ಮೇಲೆ, ಜನವರಿ —